ನಾಗರಕಲ್ಲುಗಳ ಊರಿನಲ್ಲಿ ಒಂದು ವೀರಗಲ್ಲು

ಗೌರಿಬಿದನೂರಿನ ಮಗ್ಗುಲಿನ ವಿದುರಾಶ್ವತ್ಥಕ್ಕೆ ಹೋದವರು ನಾಗಪ್ಪನಿಗೆ ಕೈಮುಗಿದು, ಹರಕೆ ತೀರಿಸಿ ಹಿಂದಿರುಗುತ್ತಾರೆ. ಅಲ್ಲೇ ಹತ್ತಿರದಲ್ಲಿರುವ ಇನ್ನೊಂದು ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿಯೂ ಹತ್ತು ನಿಮಿಷ ನಿಲ್ಲಬೇಕು.

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತೆಂದರೆ ಅರ್ಧ ಪ್ರವಾಸ ಮುಗಿದಂತೆಯೇ. ದೊಡ್ಡಬಳ್ಳಾಪುರ ದಾಟುತ್ತಲೇ ಮನೆಗಳು ವಿರಳವಾಗುತ್ತವೆ, ಬಂಡೆಗಳು ದಟ್ಟವಾಗುತ್ತವೆ. ಮಾಕಳಿದುರ್ಗದ ಹತ್ತಿರ ರೈಲು ಬೆಟ್ಟಗಳ ನಡುವೆ ನುಸುಳುವಾಗ ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿಕೊಂಡು ನಿಲ್ಲುತ್ತಾರೆ. ಬೆಟ್ಟದ ನೆತ್ತಿಯ ಮೇಲೆ ಹಳೆಯ ಕೋಟೆಯ ಗೋಡೆ ಕಂಡೂ ಕಾಣದಂತೆ ಸರಿದುಹೋಗುತ್ತದೆ. ಆಮೇಲೆ ತೊಂಡೇಬಾವಿ, ಗೌರಿಬಿದನೂರು. ಅದರ ಮುಂದಿನದು ವಿದುರಾಶ್ವತ್ಥ.

ಏಪ್ರಿಲ್ ರಜೆಯ ಒಂದು ಬೆಳಿಗ್ಗೆ ಒಂಬತ್ತನೇ ತರಗತಿ ಮುಗಿಸಿದ್ದ ಮಗಳೊಂದಿಗೆ ಹೊರಟಿದ್ದೆ. ‘ಅಲ್ಲಿ ಏನಿದೆ ಅಪ್ಪಾ?’ ಎಂದು ಆಕೆ ದಾರಿಯುದ್ದಕ್ಕೂ ಕೇಳುತ್ತಿದ್ದಳು. ‘ಒಂದು ಮರ, ಒಂದು ನದಿ, ಒಂದಷ್ಟು ಕಲ್ಲು’ ಎಂದೆ. ಅವಳಿಗೆ ಅಷ್ಟೇನೂ ಉತ್ಸಾಹ ಬಂದಂತೆ ಕಾಣಲಿಲ್ಲ. ಮೈಸೂರಿಗೋ ಊಟಿಗೋ ಹೋಗಬಹುದಿತ್ತಲ್ಲ ಎಂಬುದು ಮುಖದಲ್ಲೇ ಬರೆದಿತ್ತು.

ನಿಜ ಹೇಳಬೇಕೆಂದರೆ ನನ್ನ ಉತ್ತರದಲ್ಲೂ ಸ್ವಲ್ಪ ತಪ್ಪಿತ್ತು. ಆ ಪುರಾತನ ಮರ ಈಗಿಲ್ಲ. ನದಿಯಲ್ಲಿ ವರ್ಷದ ಬಹುಪಾಲು ನೀರಿಲ್ಲ. ಉಳಿದಿರುವುದು ಕಲ್ಲುಗಳು. ಆದರೆ ಆ ಕಲ್ಲುಗಳು ಹೇಳುವ ಕತೆ ಸಾಮಾನ್ಯವಾದುದಲ್ಲ.

ಮರದಿಂದ ಹುಟ್ಟಿದ ಊರು

ನಮ್ಮ ಕಡೆ ಊರಿಗೆ ಹೆಸರು ಬರುವುದು ಕೆರೆಯಿಂದ, ಬೆಟ್ಟದಿಂದ, ದೇವರಿಂದ ಅಥವಾ ಊರು ಕಟ್ಟಿದ ಗೌಡನಿಂದ. ಈ ಊರಿಗೆ ಹೆಸರು ಬಂದದ್ದು ಒಂದು ಅರಳಿಮರದಿಂದ. ಅಶ್ವತ್ಥವೆಂದರೆ ಅರಳಿಯೇ ತಾನೆ? ಸ್ಥಳಪುರಾಣದ ಪ್ರಕಾರ ಆ ಮರವನ್ನು ನೆಟ್ಟವನು ಮಹಾಭಾರತದ ವಿದುರ. ಕುರುಕ್ಷೇತ್ರದ ಯುದ್ಧದ ನಂತರ ನೊಂದ ಮನಸ್ಸಿನಿಂದ ತೀರ್ಥಯಾತ್ರೆ ಮಾಡುತ್ತಾ ಬಂದ ವಿದುರ, ಈ ನದಿಯಲ್ಲಿ ನಿಂತು ಅರ್ಘ್ಯ ಕೊಡುವಾಗ ಅಶ್ವತ್ಥದ ಸಸಿಯೊಂದು ಅವನ ಕೈಗೆ ಬಂತಂತೆ. ಮೈತ್ರೇಯ ಮುನಿಯ ಮಾತಿನಂತೆ ಅವನು ಅದನ್ನು ದಡದಲ್ಲಿ ನೆಟ್ಟನಂತೆ. ಹೀಗೆ ಅದು ವಿದುರಾಶ್ವತ್ಥವಾಯಿತು.

ವಿದುರ ಇಲ್ಲಿಗೆ ಬಂದಿದ್ದನೋ ಇಲ್ಲವೋ ಎಂದು ತರ್ಕ ಮಾಡುವುದು ಬೇಡ. ಊರಿನವರು ನೂರಾರು ವರ್ಷ ಈ ಕತೆಯನ್ನು ತಮ್ಮದಾಗಿಸಿಕೊಂಡು ಬಂದಿದ್ದಾರೆ. ಅರಮನೆಯಲ್ಲಿದ್ದೂ ರಾಜನ ಎದುರಿಗೆ ನಿಜವನ್ನು ಹೇಳಿದವನು ವಿದುರ. ದೊರೆಗೆ ರುಚಿಸಲಿ ಬಿಡಲಿ, ನ್ಯಾಯದ ಮಾತನ್ನು ಆಡಿದವನು. ಅಂಥವನ ಹೆಸರಿನ ಊರಿನಲ್ಲಿ ಮುಂದೆ ನಡೆದುದನ್ನು ನೆನೆದರೆ ಆ ಹೆಸರು ಆಕಸ್ಮಿಕವೇ ಎಂದು ಅಚ್ಚರಿಯಾಗುತ್ತದೆ.

ತಲೆಮಾರುಗಳ ಕಾಲ ನೆರಳು ಕೊಟ್ಟ ಆ ಮರ 2001ರಲ್ಲಿ ನೆಲಕ್ಕುರುಳಿತು. ನಮ್ಮ ಹಳ್ಳಿಗಳಲ್ಲಿ ಅರಳಿಮರ ಬಿದ್ದರೆ ಮನೆಯ ಹಿರಿಯರು ಹೋದಷ್ಟೇ ದುಃಖ. ಅರಳಿಕಟ್ಟೆ ಎಂದರೆ ದೇವರ ಜಾಗ ಮಾತ್ರವೇ? ಅಲ್ಲಿ ಪಂಚಾಯಿತಿ ಸೇರುತ್ತದೆ, ಮದುವೆ ಮಾತುಕತೆ ಆಗುತ್ತದೆ, ಮಳೆ ಬಂತೋ ಇಲ್ಲವೋ ಎಂಬ ಚರ್ಚೆ ನಡೆಯುತ್ತದೆ, ಬಸ್ಸಿಗೆ ಕಾಯುವವರು ಕೂರುತ್ತಾರೆ. ಮರ ಬಿತ್ತು. ಆದರೂ ಊರಿನ ಹೆಸರಾಗಲಿ, ಜನ ಬರುವುದಾಗಲಿ ನಿಲ್ಲಲಿಲ್ಲ.

ಹುಟ್ಟದ ಮಗುವಿಗೊಂದು ಕಲ್ಲು

ದೇವಸ್ಥಾನದ ಆವರಣಕ್ಕೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ನಾಗರಕಲ್ಲುಗಳು. ಒಂದಲ್ಲ, ಎರಡಲ್ಲ, ಸಾವಿರಗಟ್ಟಲೆ. ಒಂದೇ ಹೆಡೆಯವು, ಐದು ಹೆಡೆಯವು, ಏಳು ಹೆಡೆಯವು, ಜೋಡಿಯಾಗಿ ಹೆಣೆದುಕೊಂಡವು. ಕೆಲವಕ್ಕೆ ನಿನ್ನೆಯಷ್ಟೇ ಹಚ್ಚಿದ ಅರಿಸಿನ, ಕುಂಕುಮ. ಕೆಲವು ಎಷ್ಟು ಹಳೆಯವೆಂದರೆ ಹೆಡೆಯ ಗೆರೆಗಳು ಸವೆದು ನುಣುಪಾಗಿಬಿಟ್ಟಿವೆ. ಸಾಲು ಸಾಲಾಗಿ, ಒಂದಕ್ಕೊಂದು ಒರಗಿಕೊಂಡು, ಜಾತ್ರೆಯಲ್ಲಿ ನಿಂತ ಜನರಂತೆ ಅವು ನಿಂತಿವೆ.

ಮಕ್ಕಳಾಗದವರು, ಮದುವೆ ತಡವಾದವರು, ಮನೆಯಲ್ಲಿ ಕಾಯಿಲೆ ಕಸಾಲೆ ಇರುವವರು ಇಲ್ಲಿ ನಾಗರ ಪ್ರತಿಷ್ಠೆ ಮಾಡಿಸುತ್ತಾರೆ. ಕಲ್ಲನ್ನು ತಂದ ಕೂಡಲೇ ನಿಲ್ಲಿಸುವುದಿಲ್ಲ. ಮೊದಲು ಅದನ್ನು ಕೆಲವು ಕಾಲ ನೀರಿನಲ್ಲಿ ಮುಳುಗಿಸಿಡುವುದು ಸಂಪ್ರದಾಯ. ಜಲಾಧಿವಾಸ ಎನ್ನುತ್ತಾರೆ. ಆಮೇಲೆ ಪೂಜೆ, ಪ್ರತಿಷ್ಠೆ, ಪ್ರದಕ್ಷಿಣೆ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆಯ ಕಣ್ಣೀರು, ಒಂದು ಮನೆಯ ಆಸೆ ಇದೆ. ಇವುಗಳಲ್ಲಿ ಬಹಳಷ್ಟು ಇನ್ನೂ ಹುಟ್ಟದ ಮಗುವಿಗಾಗಿ ನಿಲ್ಲಿಸಿದ ಕಲ್ಲುಗಳು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಗಿಲ ಬಳಿ ಹೂವು ಮಾರುತ್ತಿದ್ದ ಅಜ್ಜಿಯೊಬ್ಬಳು ಮಗಳ ಜಡೆಗೆ ಎರಡು ಮೊಳ ಮಲ್ಲಿಗೆ ಅಳೆದು ಕೊಟ್ಟಳು. ಆಕೆ ನಮ್ಮೊಂದಿಗೆ ಆಡಿದ್ದು ಕನ್ನಡ, ಪಕ್ಕದ ಅಂಗಡಿಯವನೊಂದಿಗೆ ಆಡಿದ್ದು ತೆಲುಗು. ಆಂಧ್ರದ ಗಡಿ ಇಲ್ಲಿಂದ ಕೂಗಳತೆಯ ದೂರ. ಈ ಸೀಮೆಯಲ್ಲಿ ಹಳ್ಳಿ ಎಂದು ಮುಗಿಯುವ ಊರಿನ ಪಕ್ಕದಲ್ಲೇ ಪಲ್ಲಿ ಎಂದು ಮುಗಿಯುವ ಊರು ಇರುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಯಾವ ಭಾಷೆ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಯಾರಿಂದಲೂ ಆಗುವುದಿಲ್ಲ. ಹರಕೆ ಹೊತ್ತು ಬರುವವರೂ ಅಷ್ಟೇ, ಗೌರಿಬಿದನೂರಿನವರೆಷ್ಟೋ ಹಿಂದೂಪುರದ ಕಡೆಯವರೂ ಅಷ್ಟೇ.

‘ಸ್ಮಾರಕ ಯಾವ ಕಡೆ ಅಜ್ಜೀ?’ ಎಂದು ಕೇಳಿದೆ.

‘ಅಗೋ, ಆ ಕಡೆ ಓಗಣ್ಣಾ. ಎಲ್ರೂ ನಾಗಪ್ಪನ್ನ ನೋಡ್ಕಂಡು ಅಂಗೇ ಒಂಟೋಗ್ತಾರೆ. ಮಗೀನ ಕರ್ಕಂಡೋಗಿ ತೋರ್ಸು’ ಎಂದಳು.

ಚೈತ್ರದ ಜಾತ್ರೆ

ಆ ಕಡೆಗೆ ಹೋಗುವ ಮುನ್ನ ಇಲ್ಲಿನ ಜಾತ್ರೆಯ ವಿಷಯ ಹೇಳಬೇಕು. ಅದಿಲ್ಲದೆ ಉಳಿದ ಕತೆ ಅರ್ಥವಾಗುವುದಿಲ್ಲ.

ಯುಗಾದಿ ಕಳೆದ ಮೇಲೆ, ಚೈತ್ರಮಾಸದಲ್ಲಿ, ಅಶ್ವತ್ಥನಾರಾಯಣಸ್ವಾಮಿಯ ತೇರು. ಮಳೆ ನಂಬಿ ಬದುಕುವ ಬಯಲುಸೀಮೆಯ ರೈತನಿಗೆ ಇದು ಬಿಡುವಿನ ಕಾಲ. ರಾಗಿ ಕಣದಿಂದ ಮನೆ ಸೇರಿರುತ್ತದೆ. ಮುಂಗಾರು ಇನ್ನೂ ದೂರ. ಕೈಯಲ್ಲಿ ನಾಲ್ಕು ಕಾಸು, ಮನೆಯಲ್ಲಿ ನೆಂಟರು. ಹಿಂದೆ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಜನ ಬರುತ್ತಿದ್ದರು. ತೋಪಿನಲ್ಲಿ ಗಾಡಿ ಬಿಟ್ಟು, ಅಲ್ಲೇ ಒಲೆ ಹೂಡಿ ಅಡಿಗೆ. ದಾರಿಯಲ್ಲಿ ಅರವಟ್ಟಿಗೆ, ಪಾನಕ, ನೀರುಮಜ್ಜಿಗೆ, ಕೋಸಂಬರಿ. ಹೊಸದಾಗಿ ಮದುವೆಯಾದವರು ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿನ ಕಳಸದತ್ತ ಎಸೆಯುವ ಸಂಭ್ರಮ. ಕಡ್ಲೆಪುರಿ, ಬತ್ತಾಸು, ಬಳೆ, ಪೀಪಿ, ಬಣ್ಣದ ಬುಗುರಿ.

ಹಿರಿಯರಿಗೆ ಜಾತ್ರೆಯೆಂದರೆ ವರ್ಷಕ್ಕೊಮ್ಮೆ ಬರುವ ಸುದ್ದಿಪತ್ರಿಕೆ ಇದ್ದಂತೆ. ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಎತ್ತು ಮಾರಾಟಕ್ಕಿದೆ, ಯಾವ ಊರಿನ ಕೆರೆಗೆ ನೀರು ಬಂತು, ಎಲ್ಲವೂ ಅಲ್ಲಿಯೇ ತಿಳಿಯಬೇಕು. ಕರೆಯದೇ ಇದ್ದರೂ ಸಾವಿರಾರು ಜನ ಒಂದೇ ಕಡೆ ಸೇರುವುದು ಜಾತ್ರೆಯಲ್ಲಿ ಮಾತ್ರ. 1938ರಲ್ಲಿ ಊರಿನ ದೇಶಭಕ್ತರು ಇದೇ ಜಾತ್ರೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಇದೇ.

ಗಡಿಯ ಆಚೆ ಇದ್ದ ಬಾವುಟ

ಆಗ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲವೂ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದವು. (ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ.) ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕನ್ನಂಬಾಡಿ ಕಟ್ಟೆ, ವಿದ್ಯುತ್, ವಿಶ್ವವಿದ್ಯಾನಿಲಯ, ಕಾರ್ಖಾನೆಗಳು ಎಲ್ಲವೂ ಇದ್ದ ಮೈಸೂರನ್ನು ದೇಶವೇ ‘ಮಾದರಿ ಸಂಸ್ಥಾನ’ ಎಂದು ಹೊಗಳುತ್ತಿತ್ತು. ಆ ಹೊಗಳಿಕೆ ಸುಳ್ಳೇನೂ ಅಲ್ಲ. ಮಹಾರಾಜರನ್ನು ಜನ ಮನಸಾರೆ ಪ್ರೀತಿಸುತ್ತಿದ್ದರು.

ಆದರೆ ಒಳ್ಳೆಯ ಆಡಳಿತ ಬೇರೆ, ಜನರದ್ದೇ ಆಡಳಿತ ಬೇರೆ. ಜನರಿಂದ ಆಯ್ಕೆಯಾಗಿ ಜನರಿಗೆ ಉತ್ತರ ಹೇಳುವ ಸರ್ಕಾರ ನಮಗೂ ಬೇಕು ಎಂದು ಮೈಸೂರು ಕಾಂಗ್ರೆಸ್ ಕೇಳುತ್ತಿತ್ತು. ಅದಕ್ಕೆ ‘ಜವಾಬ್ದಾರಿ ಸರ್ಕಾರ’ ಎಂದು ಹೆಸರು. ಚರಕದ ಗುರುತಿದ್ದ ತ್ರಿವರ್ಣ ಧ್ವಜವನ್ನು ಸಂಸ್ಥಾನದಲ್ಲಿ ಹಾರಿಸುವುದಕ್ಕೆ ಸರ್ಕಾರದ ನಿಷೇಧವಿತ್ತು.

ವಿಚಿತ್ರ ನೋಡಿ. ವಿದುರಾಶ್ವತ್ಥದಿಂದ ಸ್ವಲ್ಪ ದೂರ ನಡೆದು ಗಡಿ ದಾಟಿದರೆ ಬ್ರಿಟಿಷರ ಮದರಾಸು ಪ್ರಾಂತ್ಯ. ಅಲ್ಲಿ 1937ರ ಜುಲೈನಿಂದ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಅಧಿಕಾರದಲ್ಲಿತ್ತು! ನೇರವಾಗಿ ಬ್ರಿಟಿಷರು ಆಳುತ್ತಿದ್ದ ನೆಲದಲ್ಲಿ ಆ ಬಾವುಟದ ಪಕ್ಷ ಸರ್ಕಾರ ನಡೆಸುತ್ತಿದ್ದರೆ, ನಮ್ಮವರೇ ಆಳುತ್ತಿದ್ದ ನೆಲದಲ್ಲಿ ಅದನ್ನು ಹಾರಿಸುವುದು ಅಪರಾಧವಾಗಿತ್ತು. ಜಾತ್ರೆಯಲ್ಲಿ ಎರಡೂ ಕಡೆಯ ನೆಂಟರಿಷ್ಟರು ಸೇರುತ್ತಿದ್ದ ಈ ಊರಿನ ಜನಕ್ಕೆ ಆ ವ್ಯತ್ಯಾಸ ಎದ್ದು ಕಾಣದೆ ಇದ್ದೀತೆ?

1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ನಿಷೇಧ ಮುರಿದು ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಶಿವಪುರದ ಧ್ವಜ ಸತ್ಯಾಗ್ರಹದ ಸುದ್ದಿ ಊರೂರಿಗೆ ಹಬ್ಬಿತು. ಅಲ್ಲಿಗೆ ಸರಿಯಾಗಿ ಎರಡು ವಾರ.

ಏಪ್ರಿಲ್ 25

ಎನ್.ಸಿ. ನಾಗಯ್ಯರೆಡ್ಡಿ ಮೊದಲಾದ ಸ್ಥಳೀಯ ಮುಖಂಡರು ವಿದುರಾಶ್ವತ್ಥದ ಜಾತ್ರೆಯಲ್ಲಿ ಧ್ವಜ ಸತ್ಯಾಗ್ರಹ ನಡೆಸಲು ಜನರನ್ನು ಸಜ್ಜುಗೊಳಿಸಿದ್ದರು. ಅಧಿಕಾರಿಗಳು ಸಭೆ ಸೇರಬಾರದು, ಭಾಷಣ ಮಾಡಬಾರದು, ಬಾವುಟ ಏರಿಸಬಾರದು ಎಂದು ನಿಷೇಧಾಜ್ಞೆ ಹೊರಡಿಸಿದರು. ಏಪ್ರಿಲ್ 25ರಂದು ದೇವಸ್ಥಾನದ ಬಳಿ ಸಾವಿರಾರು ಜನ ನೆರೆದರು. ಎಲ್ಲರೂ ಸತ್ಯಾಗ್ರಹಿಗಳೇ ಆಗಿರಲಿಲ್ಲ. ತೇರು ನೋಡಲು ಬಂದವರಿದ್ದರು, ಹರಕೆ ಹೊತ್ತು ಬಂದವರಿದ್ದರು, ‘ಅದೇನೋ ಸಭೆಯಂತೆ, ನೋಡೋಣ’ ಎಂದು ಬಂದು ನಿಂತವರಿದ್ದರು. ಕೈಯಲ್ಲಿ ಬಂದೂಕು ಇದ್ದದ್ದು ಪೊಲೀಸರಿಗೆ ಮಾತ್ರ.

ಪೊಲೀಸರು ಗುಂಡು ಹಾರಿಸಿದರು. ಜಾತ್ರೆಗೆಂದು ಬಂದ ಜನ ದಿಕ್ಕಾಪಾಲಾಗಿ ಓಡಿದರು. ಓಡಲಾಗದವರು ಅಲ್ಲೇ ಬಿದ್ದರು.

ಎಷ್ಟು ಜನ ಸತ್ತರು? ಸ್ಮಾರಕದ ಮುಂದೆ ನಿಂತು ಮಗಳು ಕೇಳಿದ ಮೊದಲ ಪ್ರಶ್ನೆ ಇದೇ. ಸರ್ಕಾರದ ಲೆಕ್ಕ ಹತ್ತು. ಜನರ ಲೆಕ್ಕ ಮೂವತ್ತಕ್ಕೂ ಹೆಚ್ಚು. 32 ಎಂಬುದು ಹೆಚ್ಚಾಗಿ ಕೇಳಿಬರುವ ಸಂಖ್ಯೆ. 35 ಎನ್ನುವವರೂ ಇದ್ದಾರೆ.

‘ಅಷ್ಟು ವ್ಯತ್ಯಾಸ ಹೇಗಪ್ಪಾ ಬರುತ್ತೆ? ಎಣಿಸೋಕೆ ಬರಲ್ವಾ?’

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವಳು ಪಠ್ಯಪುಸ್ತಕದಲ್ಲಿ ಜಲಿಯನ್‌ವಾಲಾಬಾಗಿನ ಪಾಠ ಓದಿದ್ದಳು. 1919ರ ಏಪ್ರಿಲ್ 13, ಬೈಸಾಖಿ ಹಬ್ಬದ ದಿನ. ಅಲ್ಲಿಯೂ ಹಬ್ಬಕ್ಕೆ ಬಂದ ಹಳ್ಳಿಯ ಜನ ಗುಂಡಿಗೆ ಸಿಕ್ಕಿದ್ದರು. ಅಲ್ಲಿ ಸರ್ಕಾರದ ಲೆಕ್ಕ 379, ಕಾಂಗ್ರೆಸ್ಸಿನ ಅಂದಾಜು ಸುಮಾರು ಸಾವಿರ. ವಿದುರಾಶ್ವತ್ಥಕ್ಕೆ ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಬಂದದ್ದು ಈ ಹೋಲಿಕೆಯಿಂದ. ಗುಂಡು ಹಾರಿಸಿದವರೇ ಹೆಣ ಎಣಿಸಿದರೆ ಒಂದು ಲೆಕ್ಕ ಬರುತ್ತದೆ. ಮನೆಗೆ ಹಿಂದಿರುಗದವರ ದಾರಿ ಕಾದವರು ಎಣಿಸಿದರೆ ಇನ್ನೊಂದು ಲೆಕ್ಕ. ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಎಣಿಸಿದವರು ಯಾರು ಎಂದೂ ಕೇಳಬೇಕು ಎಂದಷ್ಟೇ ಅವಳಿಗೆ ಹೇಳಿದೆ.

ಒಂದು ಹಳ್ಳಿ ದೆಹಲಿಗೆ ಕೇಳಿಸಿದಾಗ

ಸುದ್ದಿ ದೇಶವನ್ನೆಲ್ಲ ಅಲುಗಾಡಿಸಿತು. ಈ ಸೀಮೆ ಗಾಂಧೀಜಿಗೆ ಅಪರಿಚಿತವೇನಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ಮತ್ತು 1936ರಲ್ಲಿ ಇನ್ನೊಮ್ಮೆ ಅವರು ನಂದಿಬೆಟ್ಟದಲ್ಲಿ ತಂಗಿದ್ದರು. ಮೈಸೂರನ್ನು ಮೆಚ್ಚಿ ಮಾತಾಡಿದವರೂ ಹೌದು. ಗೋಲಿಬಾರಿನ ನಂತರ ಅವರು, ಮಹಾರಾಜರು ಮತ್ತು ದಿವಾನರು ಜನರಿಗೆ ಜವಾಬ್ದಾರಿ ಸರ್ಕಾರ ಕೊಡುವುದೇ ಇದಕ್ಕೆ ಪರಿಹಾರ ಎಂಬ ಅರ್ಥದ ಹೇಳಿಕೆ ಕೊಟ್ಟರು. ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನರೊಂದಿಗೆ ಮಾತುಕತೆ ನಡೆಯಿತು. ಮೇ ತಿಂಗಳಲ್ಲಿ ಆದ ಆ ತೀರ್ಮಾನಕ್ಕೆ ‘ಮಿರ್ಜಾ–ಪಟೇಲ್ ಒಪ್ಪಂದ’ ಎಂದು ಹೆಸರಾಯಿತು.

ಅದರಂತೆ ಸರ್ಕಾರ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಕೊಟ್ಟಿತು. ರಾಜಕೀಯ ಕೈದಿಗಳ ಬಿಡುಗಡೆಯಾಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ತ್ರಿವರ್ಣ ಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಗೋಲಿಬಾರಿನ ವಿಚಾರಣೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ಸಮಿತಿ ಕೂತಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೂ ‘ಮೈಸೂರು ಚಲೋ’ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಇದೇ ಕೋಲಾರ ಜಿಲ್ಲೆಯ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಜಾತ್ರೆಗೆ ಬಂದು ಮನೆಗೆ ಹಿಂದಿರುಗದವರಿಗೆ ಇದಾವುದೂ ಗೊತ್ತಾಗಲಿಲ್ಲ. ತಮ್ಮ ಸಾವಿನಿಂದ ಒಂದು ಬಾವುಟ ಕಾನೂನುಬದ್ಧವಾಯಿತೆಂಬ ಸಂಗತಿ ಅವರಿಗೆ ತಿಳಿಯುವ ಹಾಗೇ ಇರಲಿಲ್ಲ.

ಕಲ್ಲಿನಲ್ಲಿ ಹೆಸರು ಬರೆಯುವ ಪದ್ಧತಿ

ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ಓದುವಾಗ ಒಂದು ವಿಷಯ ನನ್ನ ಗಮನ ಸೆಳೆದಿತ್ತು. ಅಲ್ಲಿ 1538ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಪ್ರತಿ ಊರಿನ ಚರ್ಚೂ ತನ್ನ ಜನರ ನಾಮಕರಣ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆಯಾಯಿತು. ನಾನೂರು ಐನೂರು ಜನರ ಹಳ್ಳಿಯ ಬಡ ಕೂಲಿಯವನ ಹೆಸರೂ ಹೀಗೆ ಉಳಿಯಿತು. 1914–18ರ ಮಹಾಯುದ್ಧದ ನಂತರವಂತೂ ಅಲ್ಲಿನ ಹೆಚ್ಚುಕಡಿಮೆ ಪ್ರತಿ ಹಳ್ಳಿಯೂ ಯುದ್ಧದಿಂದ ಬಾರದವರ ಹೆಸರನ್ನು ಒಂದೊಂದಾಗಿ ಕಲ್ಲಿನಲ್ಲಿ ಕೆತ್ತಿಸಿತು. ಹೋದವರೆಲ್ಲ ಜೀವಂತವಾಗಿ ಮರಳಿದ, ಹಾಗಾಗಿ ಅಂಥ ಕಲ್ಲು ಬೇಡವಾದ ಹಳ್ಳಿಗಳು ಐವತ್ತಕ್ಕೆ ತುಸು ಮೇಲೆ ಅಷ್ಟೇ. ಅವನ್ನು ‘ಧನ್ಯ ಹಳ್ಳಿಗಳು’ ಎಂದು ಕರೆಯುತ್ತಾರೆ.

ಹಾಗಾದರೆ ನಮ್ಮವರಿಗೆ ಈ ಪದ್ಧತಿ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು! ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಇವತ್ತಿಗೂ ವೀರಗಲ್ಲುಗಳು ಸಿಗುತ್ತವೆ. ದನ ಕಾಯಲು ಹೋಗಿ ಸತ್ತವನು, ಊರು ಉಳಿಸಲು ಹೋಗಿ ಸತ್ತವನು, ಅವನಿಗೊಂದು ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗದ ಸನ್ನಿಧಿ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟವನ್ನು ತಿರುವಿದರೆ ಇಂಥ ಎಷ್ಟೋ ಸಾಮಾನ್ಯ ವೀರರು ಸಿಗುತ್ತಾರೆ. ಇನ್ನು ಹೆಳವರು ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರನ್ನು ಪುಸ್ತಕವಿಲ್ಲದೆ ಹೇಳುತ್ತಿದ್ದರು. ತೆಲುಗಿನವರು ಅಂಥವರನ್ನೇ ಪಿಚ್ಚಗುಂಟ್ಲವರು ಎನ್ನುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ವಿದುರಾಶ್ವತ್ಥದಲ್ಲಿ ನಿಲ್ಲಿಸಿದ ಸ್ಮಾರಕವೂ ನನ್ನ ಕಣ್ಣಿಗೆ ಒಂದು ವೀರಗಲ್ಲಾಗಿಯೇ ಕಂಡಿತು. ಗೋಲಿಬಾರು ನಡೆದ ಜಾಗದಲ್ಲಿ ವೀರಸೌಧ ಇದೆ, ಹೋರಾಟದ ಚಿತ್ರಗಳನ್ನು ಜೋಡಿಸಿದ ಪ್ರದರ್ಶನಾಲಯ ಇದೆ, ಹುತಾತ್ಮರ ಹೆಸರುಗಳಿವೆ. ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಮಕ್ಕಳು ಅಲ್ಲಿಯೇ ನಿಂತು, ಒಂದೊಂದನ್ನೂ ಗಟ್ಟಿಯಾಗಿ ಓದಲಿ. ನಮ್ಮ ನಿಮ್ಮ ಅಜ್ಜಂದಿರ ಹೆಸರಿನಂಥವೇ ಹೆಸರುಗಳು. ನನ್ನ ಮಗಳು ಓದಿದಳು. ಮೊದಲು ಮೆಲ್ಲಗೆ ಶುರುಮಾಡಿದವಳು ಬರಬರುತ್ತಾ ಧ್ವನಿ ಏರಿಸಿದಳು. ಪಕ್ಕದಲ್ಲಿ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ್ದ ಒಂದು ಸಂಸಾರ ಊಟ ನಿಲ್ಲಿಸಿ ಕೇಳಿತು.

ಇನ್ನೂ ಹುಟ್ಟದ ಮಗುವಿಗಾಗಿ ನಿಲ್ಲಿಸಿದ ಸಾವಿರಾರು ಕಲ್ಲುಗಳು ಆ ಕಡೆ. ಸತ್ತವರಿಗಾಗಿ ನಿಲ್ಲಿಸಿದ ಕಲ್ಲು ಈ ಕಡೆ. ನಡುವೆ ನಾಲ್ಕು ಹೆಜ್ಜೆಯ ದಾರಿ. ಹುಟ್ಟುವ ಮಕ್ಕಳಿಗೆ ತಮ್ಮನ್ನು ತಾವೇ ಆಳಿಕೊಳ್ಳುವ ನಾಡು ಸಿಗಲೆಂದೇ ಅಲ್ಲವೇ ಈ ಕಡೆಯವರು ಸತ್ತದ್ದು? ಹಾಗಿರುವಾಗ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಬಂದರೆ ಹರಕೆ ಅರ್ಧವೇ ತೀರಿದಂತೆ.

ಇಂದಿನ ಊರು

ಮಧ್ಯಾಹ್ನ ನದಿಯ ಕಡೆ ನಡೆದೆವು. ಉತ್ತರ ಪಿನಾಕಿನಿ ನಂದಿಯ ಸಾಲಿನ ಬೆಟ್ಟಗಳಲ್ಲಿ ಹುಟ್ಟಿ, ಗೌರಿಬಿದನೂರು ತಾಲ್ಲೂಕಿನಲ್ಲಿ ಹರಿದು, ಆಂಧ್ರಕ್ಕೆ ಹೋಗಿ ಪೆನ್ನಾರ್ ಎನಿಸಿಕೊಂಡು ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಇಲ್ಲಿ ಅದು ನದಿ ಎನ್ನುವುದಕ್ಕಿಂತ ನದಿಯ ನೆನಪು. ಒಣಗಿದ ಪಾತ್ರ, ಜಾಲಿ ಪೊದೆ. 2021ರ ನವೆಂಬರಿನಂತೆ ಮಳೆ ಕೈಹಿಡಿದ ವರ್ಷ ಮಾತ್ರ ಕೆರೆಗಳು ಕೋಡಿ ಬಿದ್ದು ಜನ ಸೇತುವೆಯ ಮೇಲೆ ನಿಂತು ನೀರಿಗೆ ಅರಿಸಿನ ಕುಂಕುಮ ಹಾಕುತ್ತಾರೆ.

ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬತ್ತಿದ ಮೇಲೆ ಕೊಳವೆಬಾವಿ, ಅದು ಬತ್ತಿದ ಮೇಲೆ ಇನ್ನೂ ಆಳದ ಕೊಳವೆಬಾವಿ. ಆಳದ ನೀರಿನ ಜೊತೆ ಫ್ಲೋರೈಡೂ ಬಂತು. ಇಷ್ಟಾದರೂ ಜನ ಸೋತಿಲ್ಲ. ಗೌರಿಬಿದನೂರಿನ ಹೊಲಗಳಲ್ಲಿ ಮುಸುಕಿನ ಜೋಳ, ರಾಗಿ. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ರೇಷ್ಮೆಗೂಡು. ಚಿಂತಾಮಣಿಯಲ್ಲಿ ಟೊಮೆಟೊ, ಮಾವು. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ, ಹೂವು. ಬೆಳಿಗ್ಗೆ ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಹಿಂದೆ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಈಗ ಅರ್ಧಕ್ಕರ್ಧ ಡೇರಿಯೇ ಮಾಡುತ್ತದೆ. ಊರಿನ ಸುದ್ದಿಯೆಲ್ಲ ಅಲ್ಲಿಯೇ.

ಓದುವ ಮಕ್ಕಳಿಗೆ ಈ ತಾಲ್ಲೂಕಿನಲ್ಲಿ ಇನ್ನೊಂದು ಹೆಸರೂ ಇದೆ. ಇಲ್ಲಿನ ಹೊಸೂರಿನಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಪ್ರೌಢ ಶಿಕ್ಷಣಕ್ಕಾಗಿ ಬೆಂಗಳೂರಿಗೆ ನಡೆದೇ ಹೋದರು. ಬಸ್ಸಿನ ಚಾರ್ಜಿಗೆ ದುಡ್ಡಿರಲಿಲ್ಲ. ಮುಂದೆ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು, ಭೌತವಿಜ್ಞಾನದ ಮೇಷ್ಟರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಕೊನೆಯವರೆಗೂ ವಿದ್ಯಾರ್ಥಿಗಳಿಗೆ ಹೇಳಿದರು. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಭೂಕಂಪನ ಮಾಪನ ಕೇಂದ್ರವೂ ಇದೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ನೆಲ ನಡುಗಿದರೂ ಅದರ ಉಪಕರಣಗಳಿಗೆ ತಿಳಿಯುತ್ತದೆ. ಅಷ್ಟು ದೂರದ್ದು ಕೇಳಿಸುವ ಊರಿನಲ್ಲಿ, ಆರು ಕಿ.ಮೀ. ಆಚೆ ನಡೆದದ್ದು ನಮ್ಮ ಮಕ್ಕಳಿಗೆ ಕೇಳಿಸದೆ ಹೋಗಬಾರದು.

ಕೇಳಿ ಬರೆದಿಡಿ

1938ರಲ್ಲಿ ಅಪ್ಪನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ಮಗು ಈಗ ಬದುಕಿದ್ದರೆ ತೊಂಬತ್ತು ದಾಟಿದ ವೃದ್ಧರಾಗಿರಬೇಕು. ಕಣ್ಣಾರೆ ಕಂಡವರ ಕಾಲ ಮುಗಿಯಿತು ಎಂದೇ ಹೇಳಬಹುದು. ಇನ್ನುಳಿದಿರುವುದು ಅವರಿಂದ ಕೇಳಿದವರು. ಅವರೂ ಹೋದರೆ ಪಾಠದ ಪುಸ್ತಕದ ಎರಡು ಸಾಲು ಮಾತ್ರ.

ಈ ಮಾತು ವಿದುರಾಶ್ವತ್ಥಕ್ಕೆ ಮಾತ್ರ ಸಲ್ಲುವುದಲ್ಲ. ನಿಮ್ಮ ಊರು ಚಿಂತಾಮಣಿಯ ಬಳಿಯಿರಲಿ, ಶಿಡ್ಲಘಟ್ಟದ ಬಳಿಯಿರಲಿ, ಅಲ್ಲಿಯೂ ಒಂದು ಕತೆ ಇದ್ದೇ ಇರುತ್ತದೆ. ಊರಿಗೆ ಆ ಹೆಸರು ಹೇಗೆ ಬಂತು? ಕೆರೆ ಕಟ್ಟಿಸಿದವರು ಯಾರು? ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲಿನ ಮೇಲೆ ಅಕ್ಷರ ಇದೆಯೇ? ಮೊದಲ ಶಾಲೆ ಯಾರ ಜಗುಲಿಯಲ್ಲಿ ಶುರುವಾಯಿತು? ಶ್ಯಾನುಭೋಗರ ಕಡತಗಳು ಭೂಮಿಯ ಲೆಕ್ಕ ಇಟ್ಟವು. ಜನರ ಲೆಕ್ಕ ಇಟ್ಟದ್ದು ಅಜ್ಜಿಯರ ನೆನಪು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳು ಒಂದು ನೋಟ್‌ಪುಸ್ತಕ ಹಿಡಿದು ಅಜ್ಜ ಅಜ್ಜಿಯರ ಮುಂದೆ ಕೂರಲಿ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಲಿ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಲಿ. ತಂದೆ ತಾಯಿಯರು ಇದಕ್ಕೆ ಅಂಕ ಎಷ್ಟು ಎಂದು ಕೇಳದಿದ್ದರೆ ಸಾಕು.

ಸಂಜೆ ವಿದುರಾಶ್ವತ್ಥದ ಪುಟ್ಟ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ಕೂತಿದ್ದೆವು. ಬಿಸಿಲು ಇಳಿದಿತ್ತು. ಮಗಳು ಚೀಲದಿಂದ ನೋಟ್‌ಪುಸ್ತಕ ತೆಗೆದು ಏನೋ ಬರೆಯುತ್ತಿದ್ದಳು. ಇಣುಕಿ ನೋಡಿದೆ. ಸ್ಮಾರಕದ ಹೆಸರುಗಳನ್ನು ಅಲ್ಲಿಯೇ ಬರೆದುಕೊಂಡು ಬಂದಿದ್ದಳು. ಈಗ ಅವುಗಳ ಮುಂದೆ ಒಂದೊಂದಾಗಿ ಅಂಕಿ ಹಾಕಿ ಎಣಿಸುತ್ತಿದ್ದಳು.

ಹೋಗುವುದು ಹೇಗೆ?

ವಿದುರಾಶ್ವತ್ಥ ಗೌರಿಬಿದನೂರಿನಿಂದ ಸುಮಾರು 6 ಕಿ.ಮೀ., ಹಿಂದೂಪುರದ ದಾರಿಯಲ್ಲಿದೆ. ಬೆಂಗಳೂರಿನಿಂದ ಗೌರಿಬಿದನೂರಿಗೆ ದೊಡ್ಡಬಳ್ಳಾಪುರದ ಮೇಲೆ ರೈಲು, ಬಸ್ಸು ಎರಡೂ ಇವೆ. ವಿದುರಾಶ್ವತ್ಥದಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲವಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರು ಚಿಕ್ಕಬಳ್ಳಾಪುರಕ್ಕೆ ಬಂದು ಮಂಚೇನಹಳ್ಳಿಯ ದಾರಿ ಹಿಡಿಯಬಹುದು. ಬಿಸಿಲು ಜೋರು, ಕುಡಿಯುವ ನೀರು ಮತ್ತು ಬುತ್ತಿ ಜೊತೆಗಿರಲಿ. ದೇವಸ್ಥಾನ ಮತ್ತು ಸ್ಮಾರಕ ಎರಡನ್ನೂ ಸಾವಧಾನವಾಗಿ ನೋಡಲು ಅರ್ಧ ದಿನ ಬೇಕು. ಬಿಡುವಿದ್ದರೆ ಅದೇ ದಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನೂ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯನ್ನೂ ನೋಡಿಕೊಂಡು ಹಿಂದಿರುಗಬಹುದು.